ಲೇಸರ್ ಹಾಕಿ ಬೇಕಾದ ಬಂಧ ಮುರಿಯಬಹುದಾ, ಮೇಡಂ?

ಹೋದ ತಿಂಗಳು ಇದೇ ಪುಟದಲ್ಲಿ ಅಡುಗೆ ಸೋಡದ ಬಗ್ಗೆ ಉತ್ತರ ಬರೆಯುವಾಗ ಕೊನೆಗೊಂದು ಸಾಲು ಸೇರಿಸಿದ್ದೆ. ರಾಸಾಯನಿಕ ಕ್ರಿಯೆ ನಡೆಸೋಕೆ ಒಲೆಯೇ ಬೇಕಂತಿಲ್ಲ, ಲೇಸರ್ ಬೆಳಕೂ ಆಗುತ್ತದೆ ಎಂದು. ಅಷ್ಟಕ್ಕೇ ಕಾಗದಗಳು ಬರತೊಡಗಿದವು. ಹಾಸನ, ಚಿಕ್ಕಮಗಳೂರು ಕಡೆಯಿಂದಲೇ ಜಾಸ್ತಿ. ಹಾಗಾಗಿ ಈ ಸಲದ ಪುಟ ಪೂರ್ತಿ ಲೇಸರ್‌ಗೆ. ಮೊಣಕಾಲು ನೋವಿಗೆ ಲೇಸರ್ ಕೊಡಿಸಲಾ ಎಂದು ಕೇಳಿದವರು ದಯವಿಟ್ಟು ಮೂಳೆ ಡಾಕ್ಟರ ಹತ್ತಿರ ಹೋಗಿ. ನಾನು ಹಾಸನದಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತಳಾದವಳು, ಅಷ್ಟೇ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ. ರಿಯಾಕ್ಷನ್ ಅಂದರೆ ನಮ್ಮ ಪುಸ್ತಕದಲ್ಲಿ ಒಂದು ಗುಡ್ಡದ ಚಿತ್ರ ಇರುತ್ತದೆ. ಗುಡ್ಡದ ನೆತ್ತಿಯಲ್ಲಿ ‘ಆಕ್ಟಿವೇಟೆಡ್ ಕಾಂಪ್ಲೆಕ್ಸ್’ ಅಂತ ಬರೆದಿರುತ್ತಾರೆ. ಅದನ್ನು ಯಾರಾದರೂ ನಿಜವಾಗಿ ನೋಡಿದ್ದಾರಾ ಮೇಡಂ, ಇಲ್ಲ ಸುಮ್ನೆ ಬರೆದಿದ್ದಾರಾ?
– ಅರಕಲಗೂಡಿನ ವಿದ್ಯಾರ್ಥಿನಿ

ಉತ್ತರ: ನೋಡಿದ್ದಾರೆ ತಂಗಿ. ಆದರೆ ಆ ಚಿತ್ರ ಬಂದು ಅರ್ಧ ಶತಮಾನ ಆದ ಮೇಲೆ.

ಕ್ರಿಯೆ ಆಗಬೇಕಾದರೆ ಅಣು ದಾಟಬೇಕಾದ ಶಕ್ತಿಯ ಏರೇ ಆ ಗುಡ್ಡ. ನೆತ್ತಿಯಲ್ಲಿರುವುದು ಪರಮಾಣುಗಳ ನಡುವಿನ ಹಳೆ ಬಂಧ ಅರ್ಧ ಬಿಟ್ಟು, ಹೊಸದು ಅರ್ಧ ಕೂಡಿದ ರೂಪ. ಈ ಗುಡ್ಡದ ಲೆಕ್ಕ 1930ರ ದಶಕದ್ದು. ಹೆನ್ರಿ ಐರಿಂಗ್, ಮೈಕೆಲ್ ಪೊಲಾನಿ ಮೊದಲಾದವರು ಕಾಗದದ ಮೇಲೆ ಹಾಕಿದ ಲೆಕ್ಕ. ಪ್ರಯೋಗದಲ್ಲಿ ಅಳೆದ ವೇಗಕ್ಕೆ ಅದು ಹೊಂದುತ್ತಿತ್ತು. ಅದಕ್ಕೇ ಎಲ್ಲರೂ ಒಪ್ಪಿದರು. ನೋಡುವ ದಾರಿ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಯಾಕೆಂದರೆ ಅಣು ಆ ನೆತ್ತಿಯ ಮೇಲೆ ಇರುವುದು ಫೆಮ್ಟೊಸೆಕೆಂಡುಗಳ ಲೆಕ್ಕದಲ್ಲಿ. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ. ಅದರಲ್ಲಿ ಒಂದು ಪಾಲನ್ನು ಮತ್ತೆ ನೂರು ಕೋಟಿ ಪಾಲು ಮಾಡಿ. ಅದರಲ್ಲೊಂದು ಫೆಮ್ಟೊಸೆಕೆಂಡ್. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕು ಅಷ್ಟು ಹೊತ್ತಿನಲ್ಲಿ ಬರೀ 0.3 ಮೈಕ್ರಾನ್ ಸಾಗುತ್ತದೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ತಲೆಕೂದಲಿನ ದಪ್ಪದ ನೂರರಲ್ಲೊಂದು ಪಾಲೂ ಆಗಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ನಲ್ಲಿ ರೊನಾಲ್ಡ್ ನಾರಿಶ್ ಮತ್ತು ಜಾರ್ಜ್ ಪೋರ್ಟರ್ ಜೋರು ಫ್ಲ್ಯಾಶ್ ಲೈಟ್ ಹೊಡೆದು ಅಣುಗಳನ್ನು ಒಡೆದರು. ಹಿಂದೆಯೇ ಇನ್ನೊಂದು ಫ್ಲ್ಯಾಶ್ ಹೊಡೆದು, ಒಡೆದ ಚೂರುಗಳನ್ನು ಗುರುತಿಸಿದರು. 1967ರ ನೊಬೆಲ್‌ನಲ್ಲಿ ಇವರಿಬ್ಬರಿಗೂ ಪಾಲು ಸಿಕ್ಕಿತು. ಆದರೆ ದೀಪ ಹೊತ್ತಿ ಆರೋದಕ್ಕೆ ಮೈಕ್ರೊಸೆಕೆಂಡುಗಳು ಬೇಕು. ಅಷ್ಟರಲ್ಲಿ ಗುಡ್ಡ ಹತ್ತಿ ಇಳಿದು ಎಷ್ಟೋ ಹೊತ್ತಾಗಿರುತ್ತದೆ.

1960ರಲ್ಲಿ ಥಿಯೊಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ. ಆಮೇಲೆ ಲೇಸರ್ ಪಲ್ಸ್, ಅಂದರೆ ಒಂದು ಸಲಕ್ಕೆ ಹೊಮ್ಮುವ ಬೆಳಕಿನ ತುಣುಕು, ಚಿಕ್ಕದಾಗುತ್ತಾ ಹೋಯಿತು. 1980ರ ದಶಕಕ್ಕೆ ಫೆಮ್ಟೊಸೆಕೆಂಡ್ ಅಳತೆಯ ಪಲ್ಸ್ ಕೈಗೆ ಬಂತು. ಅದನ್ನು ರಸಾಯನಶಾಸ್ತ್ರಕ್ಕೆ ತಂದವರು ಅಹ್ಮದ್ ಜೆವೈಲ್. ಈಜಿಪ್ಟಿನ ದಮನ್ಹೂರ್‌ನಲ್ಲಿ ಹುಟ್ಟಿ, ಅಲೆಕ್ಸಾಂಡ್ರಿಯಾದಲ್ಲಿ ಓದಿ, ಅಮೆರಿಕದ ಕ್ಯಾಲ್‌ಟೆಕ್ ಸೇರಿದವರು.

ಅವರು ಮಾಡಿದ್ದು ಹೀಗೆ. ಒಂದು ಪಲ್ಸ್ ಅಣುವಿಗೆ ಬಡಿದು ಕ್ರಿಯೆ ಶುರು ಮಾಡುತ್ತದೆ. ಇನ್ನೊಂದು ತುಸು ತಡವಾಗಿ ಬಂದು, ಈಗ ಅಣು ಯಾವ ಸ್ಥಿತಿಯಲ್ಲಿದೆ ಎಂದು ನೋಡುತ್ತದೆ. ಅಷ್ಟು ಸಣ್ಣ ಹೊತ್ತನ್ನು ಅಳೆಯುವ ಗಡಿಯಾರ ಇಲ್ಲ. ಅದಕ್ಕೆ ಎರಡನೇ ಪಲ್ಸನ್ನು ಸುತ್ತುದಾರಿಯಲ್ಲಿ ಕಳಿಸುತ್ತಾರೆ. ದಾರಿಯ ಕನ್ನಡಿಯನ್ನು ಒಂದು ಮೈಕ್ರಾನ್ ಹಿಂದಕ್ಕೆ ಸರಿಸಿದರೆ, ಹೋಗಿ ಬರುವ ಬೆಳಕಿಗೆ ಎರಡು ಮೈಕ್ರಾನ್ ದೂರ ಜಾಸ್ತಿ. ಅಂದರೆ ಸುಮಾರು 6.7 ಫೆಮ್ಟೊಸೆಕೆಂಡ್ ತಡ. ಹೊತ್ತನ್ನು ದೂರದಿಂದ ಅಳೆಯುವ ಈ ಕೆಲಸ ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ. ದುಬಾರಿ ಯಂತ್ರದ ನಡುವೆ ಇಷ್ಟು ಸರಳ ಬುದ್ಧಿ!

1987ರಲ್ಲಿ ಅಯೋಡಿನ್ ಸಯನೈಡ್ ಎಂಬ ಮೂರು ಪರಮಾಣುಗಳ ಅಣು ಮುರಿಯುವುದನ್ನು ಅವರ ತಂಡ ಹೀಗೆ ಹಿಡಿಯಿತು. ಅಯೋಡಿನ್ ಒಂದು ಕಡೆ, ಸಯನೈಡ್ ಇನ್ನೊಂದು ಕಡೆ ಹೋಗೋಕೆ ಸುಮಾರು 200 ಫೆಮ್ಟೊಸೆಕೆಂಡ್.

ನಿನ್ನ ಪ್ರಶ್ನೆಗೆ ಸರಿಯಾದ ಉತ್ತರ ಇರುವುದು ಅವರ ಸೋಡಿಯಂ ಅಯೋಡೈಡ್ ಪ್ರಯೋಗದಲ್ಲಿ. ಪಲ್ಸ್ ಬಡಿದ ಮೇಲೆ ಸೋಡಿಯಂ, ಅಯೋಡಿನ್ ಎರಡೂ ದೂರ ಸರಿದವು. ಪೂರ್ತಿ ಬಿಟ್ಟು ಹೋಗಲಿಲ್ಲ, ತಿರುಗಿ ಹತ್ತಿರ ಬಂದವು. ಮತ್ತೆ ದೂರ, ಮತ್ತೆ ಹತ್ತಿರ. ಒಂದು ಸುತ್ತಿಗೆ ಸುಮಾರು 1.2 ಪಿಕೊಸೆಕೆಂಡ್, ಅಂದರೆ 1200 ಫೆಮ್ಟೊಸೆಕೆಂಡ್. ಸುಮಾರು 7 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ದೂರದಲ್ಲಿ ಅಣುವಿಗೆ ಎರಡು ದಾರಿ ಇದೆ. ಎಲೆಕ್ಟ್ರಾನ್ ಒಂದರಿಂದ ಇನ್ನೊಂದಕ್ಕೆ ಹಾರಿದರೆ ವಿದ್ಯುದಂಶ ಹೊತ್ತ ಅಯಾನುಗಳಾಗಿ ಒಂದನ್ನೊಂದು ಸೆಳೆದುಕೊಂಡು ಹಿಂದೆ ಬರುತ್ತವೆ. ಹಾರದಿದ್ದರೆ ಬೇರೆ ಬೇರೆ ಆಗಿಬಿಡುತ್ತವೆ. ಪ್ರತಿ ಸಲವೂ ಸುಮಾರು ಹತ್ತರಲ್ಲೊಂದು ಪಾಲು ಅಣುಗಳು ಹೀಗೆ ಬಿಟ್ಟು ಹೋದವು. ಪುಸ್ತಕದ ಗುಡ್ಡದಲ್ಲಿ ಒಂದೇ ಬಾಣ ಹತ್ತಿ ಇಳಿಯುತ್ತದೆ ಅಲ್ವಾ? ನಿಜವಾದ ಅಣು ಅಲ್ಲಿ ಓಡಾಡಿಕೊಂಡಿತ್ತು.

ಒಂದು ಮಾತು ನೆನಪಿರಲಿ. ಇದು ಒಂದೇ ಅಣುವಿನ ಫೋಟೊ ಅಲ್ಲ. ಕೋಟ್ಯಂತರ ಅಣುಗಳು ಒಟ್ಟಿಗೆ ಕೊಟ್ಟ ಸಂಕೇತ. ಮೊದಲ ಪಲ್ಸ್ ಅವನ್ನೆಲ್ಲ ಒಂದೇ ಕ್ಷಣದಲ್ಲಿ ಹೊರಡಿಸಿದ್ದರಿಂದ ಮಾತ್ರ ಲೆಕ್ಕ ಸಿಕ್ಕಿತು. ಒಲೆ ಮೇಲೆ ಕಾಯಿಸಿದರೆ ಒಂದೊಂದು ಅಣು ಒಂದೊಂದು ಹೊತ್ತಿಗೆ ಹೊರಡುತ್ತದೆ, ಏನೂ ತಿಳಿಯುವುದಿಲ್ಲ. ಜೆವೈಲ್ ಅವರಿಗೆ 1999ರ ರಸಾಯನಶಾಸ್ತ್ರ ನೊಬೆಲ್ ಬಂತು.

ಪ್ರಶ್ನೆ: ಸಿ.ವಿ. ರಾಮನ್ ಅವರ ಪ್ರಯೋಗಕ್ಕೆ ಲೇಸರ್ ಬೇಕು ಅಂತ ನನ್ನ ಮೊಮ್ಮಗ ವಾದ ಮಾಡುತ್ತಾನೆ. 1928ರಲ್ಲಿ ಲೇಸರ್ ಎಲ್ಲಿತ್ತು?
– ಕಡೂರಿನ ನಿವೃತ್ತ ಮೇಷ್ಟ್ರು

ಉತ್ತರ: ಇಬ್ಬರೂ ಸರಿ ಮೇಷ್ಟ್ರೇ. ರಾಮನ್ ಅವರು ಬಿಸಿಲನ್ನೇ ದೂರದರ್ಶಕದಲ್ಲಿ ಹಿಡಿದು ಒಟ್ಟುಗೂಡಿಸಿ ಬಳಸಿದರು. ಆಮೇಲೆ ಪಾದರಸದ ದೀಪ. ಅಣುವಿಗೆ ಬಡಿದು ಚದುರುವ ಬೆಳಕಿನಲ್ಲಿ ಬಣ್ಣ ಬದಲಿಸಿಕೊಂಡು ಬರುವ ಪಾಲು ತೀರಾ ಕಡಿಮೆ. ಸುಮಾರು ಕೋಟಿಗೊಂದು ಫೋಟಾನ್, ಅಂದರೆ ಬೆಳಕಿನ ಕಣ, ಅನ್ನಬಹುದು. ರಾಮನ್ ಹಿಡಿದದ್ದು ಆ ಪಾಲನ್ನೇ. ಹಾಗಾಗಿ ಆಗಿನ ಕಾಲದಲ್ಲಿ ಒಂದು ಫೋಟೊ ಪ್ಲೇಟಿಗೆ ಗಂಟೆಗಟ್ಟಲೆ ಬೆಳಕು ಬಿಡಬೇಕಿತ್ತು. ಲೇಸರ್ ಬಂದ ಮೇಲೆ ಅದೇ ಕೆಲಸ ಕಣ್ಣು ಮಿಟುಕಿಸುವುದರಲ್ಲಿ ಆಗುತ್ತದೆ. ಈಗ ಕಾಲೇಜು ಲ್ಯಾಬುಗಳಲ್ಲಿ ‘ರಾಮನ್’ ಎಂದರೆ ಲೇಸರ್ ಇರುವ ಪೆಟ್ಟಿಗೆಯೇ. ಮೊಮ್ಮಗ ಅದನ್ನು ನೋಡಿರಬೇಕು. ಕ್ರಿಯೆ ನಡೆಯುತ್ತಿರುವಾಗಲೇ ಅಣುವಿನ ಆಕಾರ ಹೇಗೆ ಬದಲಾಗುತ್ತದೆ ಎಂದು ನೋಡಲೂ ಫೆಮ್ಟೊಸೆಕೆಂಡ್ ಲೇಸರ್ ಜೊತೆ ರಾಮನ್ ವಿಧಾನವನ್ನೇ ಬಳಸುತ್ತಾರೆ.

ಪ್ರಶ್ನೆ: ಒಂದೊಂದು ಬಂಧಕ್ಕೆ ಒಂದೊಂದು ಕಂಪನ ಎಂದು ಬಿಎಸ್ಸಿಯಲ್ಲಿ ಓದಿದ್ದೆ. ಹಾಗಾದರೆ ಬೇಕಾದ ಬಂಧದ ಕಂಪನಕ್ಕೆ ಹೊಂದುವ ಲೇಸರ್ ಹಾಕಿ ಅದೊಂದನ್ನೇ ಮುರಿಯಬಹುದಲ್ವಾ ಮೇಡಂ? ಔಷಧ ಕಂಪನಿಗಳು ಯಾಕೆ ಹೀಗೆ ಮಾಡುತ್ತಿಲ್ಲ?
– ಹೊಳೆನರಸೀಪುರದ ಮೆಡಿಕಲ್ ರೆಪ್

ಉತ್ತರ: 1970ರ ದಶಕದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೂ ನಿಮ್ಮ ಹಾಗೇ ಯೋಚಿಸಿದರು. ಆಗ ಕೈಗೆ ಸಿಕ್ಕಿದ್ದು ಕಾರ್ಬನ್ ಡೈಆಕ್ಸೈಡ್ ಲೇಸರ್. ಅದನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಅದರ ಅವಕೆಂಪು ಬೆಳಕು ಎಷ್ಟೋ ಬಂಧಗಳ ಕಂಪನಕ್ಕೆ ಹತ್ತಿರದ್ದು. ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲಕ್ಕೆ ಅದನ್ನು ಹೊಡೆದರು. ಒಂದೊಂದು ಅಣುವೂ ಮೂವತ್ತಕ್ಕಿಂತ ಜಾಸ್ತಿ ಫೋಟಾನ್ ನುಂಗಿ ಒಡೆದುಹೋಯಿತು. ಅದರಲ್ಲೂ ಗಮ್ಮತ್ತೆಂದರೆ, ಲೇಸರನ್ನು ಸರಿಯಾಗಿ ಹೊಂದಿಸಿದರೆ 32 ತೂಕದ ಗಂಧಕ (ಸಲ್ಫರ್) ಇರುವ ಅಣುಗಳಷ್ಟೇ ಒಡೆಯುತ್ತಿದ್ದವು. ಗಂಧಕದ್ದೇ ಇನ್ನೊಂದು ಬಗೆ, 34 ತೂಕದ್ದು ಉಳಿಯುತ್ತಿತ್ತು. 1975ರ ಹೊತ್ತಿಗೆ ಸೋವಿಯತ್ ರಷ್ಯಾದಲ್ಲಿ ಲೆಟೊಖೋವ್ ಅವರ ತಂಡ, ಅಮೆರಿಕದಲ್ಲಿ ಲಾಸ್ ಅಲಮಾಸ್ ಪ್ರಯೋಗಾಲಯದವರು ಇದನ್ನು ತೋರಿಸಿದರು. ಎಲ್ಲರಿಗೂ ಭಾರೀ ಉತ್ಸಾಹ.

ಆದರೆ ಅಲ್ಲಿ ಲೇಸರ್ ಆರಿಸಿದ್ದು ಅಣುವನ್ನು, ಬಂಧವನ್ನಲ್ಲ. ನಿಮಗೆ ಬೇಕಾದ್ದು ಎರಡನೆಯದು. ಅಲ್ಲೇ ತೊಡಕು. ಒಂದು ಬಂಧಕ್ಕೆ ಕೊಟ್ಟ ಶಕ್ತಿ ಆ ಬಂಧದಲ್ಲೇ ಕೂತಿರುವುದಿಲ್ಲ. ಅಕ್ಕಪಕ್ಕದ ಬಂಧಗಳೂ ಅದಕ್ಕೆ ಸೇರಿಕೊಂಡಿರುತ್ತವೆ. ಒಬ್ಬರ ಕಿವಿಯಲ್ಲಿ ಹೇಳಿದ ಗುಟ್ಟು ಸಂತೆ ಮುಗಿಯುವುದರೊಳಗೆ ಊರಿಗೆಲ್ಲ ಗೊತ್ತಾದ ಹಾಗೆ, ಕೆಲವು ಪಿಕೊಸೆಕೆಂಡುಗಳಲ್ಲಿ ಶಕ್ತಿ ಇಡೀ ಅಣುವಿಗೆ ಹಂಚಿಹೋಗುತ್ತದೆ. ಆಮೇಲೆ ಮುರಿಯುವುದು ಎಲ್ಲಕ್ಕಿಂತ ಸಡಿಲವಾದ ಬಂಧ. ಒಲೆ ಮೇಲೆ ಇಟ್ಟಿದ್ದರೂ ಅದೇ ಮುರಿಯುತ್ತಿತ್ತು. ಅಷ್ಟು ದುಡ್ಡು ಸುರಿದು ಲೇಸರ್ ತಂದು, ಕೊನೆಗೆ ಅದರಿಂದ ಒಲೆಯ ಕೆಲಸ ಮಾಡಿಸಿದಂತಾಯಿತು!

ಚಿಕ್ಕ ಅಣುಗಳಲ್ಲಿ ಮಾತ್ರ ಗೆದ್ದರು. 1990ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ಲೆಮಿಂಗ್ ಕ್ರಿಮ್ ಅವರ ತಂಡ ನೀರನ್ನು ತೆಗೆದುಕೊಂಡಿತು. ಮಾಮೂಲಿ ನೀರಲ್ಲ, ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಡ್ಯೂಟೀರಿಯಂ ಇರುವ ನೀರು. ಡ್ಯೂಟೀರಿಯಂ ಕೂಡ ಹೈಡ್ರೋಜನ್ನೇ, ಆದರೆ ಎರಡರಷ್ಟು ಭಾರ, ಹಾಗಾಗಿ ಎರಡು ಬಂಧಗಳ ಕಂಪನ ಬೇರೆ ಬೇರೆ. ಲೇಸರ್‌ನಿಂದ ಹೈಡ್ರೋಜನ್ ಕಡೆಯ ಬಂಧವನ್ನು ಜೋರಾಗಿ ಅಲುಗಾಡಿಸಿದರು. ಅದೇ ಹೊತ್ತಿಗೆ ಇನ್ನೊಂದು ಹೈಡ್ರೋಜನ್ ಪರಮಾಣುವನ್ನು ಅದಕ್ಕೆ ಬಡಿಸಿದರು. ಬಂದ ಪರಮಾಣು ಅಲುಗಾಡುತ್ತಿದ್ದ ಕಡೆಯದನ್ನೇ ಕಿತ್ತುಕೊಂಡು ಹೋಯಿತು. ಲೆಕ್ಕ ನೋಡಿದರೆ, ಇನ್ನೊಂದು ಕಡೆಯದು ಒಂದು ಸಲ ಕಿತ್ತರೆ ಈ ಕಡೆಯದು ನೂರು ಸಲ! ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ರಿಚರ್ಡ್ ಝೇರ್ ಅವರ ತಂಡ ಡ್ಯೂಟೀರಿಯಂ ಕಡೆಯನ್ನು ಅಲುಗಾಡಿಸಿ ಅದನ್ನೂ ಕೀಳಿಸಿ ತೋರಿಸಿತು. ಅಂದರೆ ನಿಮ್ಮ ಯೋಚನೆ ತಪ್ಪಲ್ಲ. ಮೂರು ಪರಮಾಣುಗಳ ಅಣುವಿನಲ್ಲಿ ಶಕ್ತಿ ಹಂಚಿಹೋಗೋಕೆ ಜಾಗ ಕಡಿಮೆ, ಅದಕ್ಕೇ ಕೆಲಸ ಆಯಿತು. ಪ್ಯಾರಾಸಿಟಮಾಲ್‌ನಲ್ಲಿ ಇಪ್ಪತ್ತು ಪರಮಾಣು ಇವೆ.

ದೊಡ್ಡ ಅಣುಗಳಿಗೆ ಬೇರೆ ದಾರಿ ಹುಡುಕಿದರು. ಜೋರು ಬೆಳಕಿನ ಆಸೆ ಬಿಟ್ಟು, ಯಾವ ಹೊತ್ತಿಗೆ ಹೊಡೆಯಬೇಕು ಎಂಬುದರ ಕಡೆ ನೋಡಿದರು. 1985ರಲ್ಲಿ ಡೇವಿಡ್ ಟ್ಯಾನರ್ ಮತ್ತು ಸ್ಟುವರ್ಟ್ ರೈಸ್ ಹೇಳಿದ್ದು ಇದನ್ನೇ. ಒಂದು ಪಲ್ಸ್ ಹೊಡೆದು ಅಣುವನ್ನು ಹಿಗ್ಗಿಸಿ. ಅದು ಹಿಗ್ಗುತ್ತಾ ನಿಮಗೆ ಬೇಕಾದ ಆಕಾರಕ್ಕೆ ಬಂದ ಕ್ಷಣಕ್ಕೆ ಸರಿಯಾಗಿ ಇನ್ನೊಂದು ಪಲ್ಸ್ ಹೊಡೆಯಿರಿ. ಶಕ್ತಿ ಹಂಚಿಹೋಗುವ ಮುಂಚೆಯೇ ಕೆಲಸ ಮುಗಿದಿರುತ್ತದೆ. ಮರು ವರ್ಷ ಪಾಲ್ ಬ್ರೂಮರ್ ಮತ್ತು ಮೋಶೆ ಶಪಿರೊ ಇನ್ನೊಂದು ದಾರಿ ಹೇಳಿದರು. ಒಂದೇ ಕಡೆ ಮುಟ್ಟುವ ಎರಡು ಬೆಳಕಿನ ದಾರಿ ಕೊಟ್ಟು, ಅವುಗಳ ಅಲೆ ಒಂದಕ್ಕೊಂದು ಕೂಡುತ್ತದೋ ಕಳೆಯುತ್ತದೋ ಎಂಬುದನ್ನು ನಾವೇ ತಿರುಗಿಸುವುದು. ಅಲೆಗಳು ಕೂಡಿದ ಕಡೆ ಕ್ರಿಯೆ ಹೋಗುತ್ತದೆ.

ಇದಕ್ಕೆಲ್ಲ ಅಣುವಿನ ಲೆಕ್ಕ ಪೂರ್ತಿ ಗೊತ್ತಿರಬೇಕು. ದೊಡ್ಡ ಅಣುವಿನದು ಗೊತ್ತಿರುವುದಿಲ್ಲ. ಆಗ ಹರ್ಶೆಲ್ ರಾಬಿಟ್ಜ್ ಮತ್ತು ರಿಚರ್ಡ್ ಜಡ್ಸನ್ 1992ರಲ್ಲಿ ಬಂದು, ನಮಗೆ ಯಾಕ್ರೀ ಲೆಕ್ಕ, ಅಣುವನ್ನೇ ಕೇಳೋಣ ಅಂದರು. ಫೆಮ್ಟೊಸೆಕೆಂಡ್ ಪಲ್ಸ್‌ನಲ್ಲಿ ಬಣ್ಣಗಳು ತುಂಬ ಇರುತ್ತವೆ. ಪಲ್ಸ್ ಚಿಕ್ಕದಾದಷ್ಟೂ ಬಣ್ಣ ಜಾಸ್ತಿ. ಆ ಬಣ್ಣಗಳನ್ನು ಬಿಡಿಸಿ, ಲಿಕ್ವಿಡ್ ಕ್ರಿಸ್ಟಲ್ ಪರದೆ ದಾಟಿಸಿ, ಒಂದೊಂದನ್ನು ಒಂದಿಷ್ಟು ತಡ ಮಾಡಿ ಮತ್ತೆ ಸೇರಿಸಿದರೆ ಪಲ್ಸ್‌ನ ಆಕಾರವೇ ಬದಲಾಗುತ್ತದೆ. ಪರದೆ ನಮ್ಮ ಕ್ಯಾಲ್ಕುಲೇಟರ್‌ನಲ್ಲಿ ಇರುವ ಜಾತಿಯದೇ. ಕಂಪ್ಯೂಟರ್ ಮೊದಲು ಬಾಯಿಗೆ ಬಂದ ಆಕಾರ ಹೊಡೆಯುತ್ತದೆ. ಯಾವುದರಲ್ಲಿ ಬೇಕಾದ ಚೂರು ಸ್ವಲ್ಪ ಜಾಸ್ತಿ ಬಂತೋ ಅದನ್ನು ಇಟ್ಟುಕೊಂಡು, ಒಂದನ್ನೊಂದು ಬೆರೆಸಿ, ತಿರುಗಿ ಹೊಡೆಯುತ್ತದೆ. ಹೀಗೆ ಮಾಡುತ್ತಾ ಮಾಡುತ್ತಾ ಸರಿಯಾದ ಆಕಾರಕ್ಕೆ ಬಂದು ನಿಲ್ಲುತ್ತದೆ. 1998ರಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ ಗುಸ್ತಾವ್ ಗೆರ್ಬರ್ ಅವರ ತಂಡ ಕಬ್ಬಿಣದ ಒಂದು ಸಂಯುಕ್ತದ ಮೇಲೆ ಇದನ್ನು ಮಾಡಿತು. ಅದು ಒಡೆದಾಗ ಬರುವ ಎರಡು ಬಗೆಯ ಚೂರುಗಳಲ್ಲಿ ಯಾವುದು ಜಾಸ್ತಿ ಬರಬೇಕೋ ಅದನ್ನು ಬರಿಸಿ ತೋರಿಸಿತು.

ಇನ್ನು ಔಷಧ ಕಂಪನಿಗಳ ಮಾತು. ಇವೆಲ್ಲ ಗಾಳಿ ತೆಗೆದ ಕೊಳವೆಯಲ್ಲಿ, ಕಣ್ಣಿಗೆ ಕಾಣದಷ್ಟು ಅನಿಲದಲ್ಲಿ ನಡೆದವು. ಕಂಪನಿಗೆ ಬೇಕಾದ್ದು ಟನ್‌ಗಟ್ಟಲೆ, ಅದೂ ದ್ರಾವಣದಲ್ಲಿ. ಅಲ್ಲಿ ಅಣುವಿಗೆ ಸುತ್ತಲಿನ ಅಣುಗಳು ಬಡಿಯುತ್ತಲೇ ಇರುತ್ತವೆ, ಕೊಟ್ಟ ಶಕ್ತಿ ಇನ್ನೂ ಬೇಗ ಸೋರಿಹೋಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಲೇಸರ್ ಮಾರುಕಟ್ಟೆಗೆ ಮಾತ್ರೆ ಮಾಡುವ ಯಂತ್ರ ಅಲ್ಲ. ಅಣುವನ್ನು ಅರಿಯುವ ಯಂತ್ರ. ಆಯ್ಕೆಯ ಕೆಲಸವನ್ನು ಒಳ್ಳೆಯ ಕ್ಯಾಟಲಿಸ್ಟ್ (ಕ್ರಿಯೆಗೆ ವೇಗ ಕೊಡುವ ಪದಾರ್ಥ) ಕಡಿಮೆ ಖರ್ಚಿನಲ್ಲಿ ಮಾಡುತ್ತದೆ. ಆದರೆ ಬೆಳಕನ್ನೇ ಕಂಪನಿಗಳು ಬಿಟ್ಟಿವೆ ಅಂದುಕೊಳ್ಳಬೇಡಿ. ನಿಮ್ಮ ಬ್ಯಾಗಿನಲ್ಲಿರುವ ವಿಟಮಿನ್ ಡಿ3 ಸ್ಯಾಂಪಲ್ ನೋಡಿ. ಕುರಿ ಉಣ್ಣೆಯ ಜಿಡ್ಡಿನಿಂದ ತೆಗೆದ ಕೊಲೆಸ್ಟರಾಲನ್ನು ಮೊದಲು ಸ್ವಲ್ಪ ಬದಲಾಯಿಸಿ, ಆಮೇಲೆ ಅತಿನೇರಳೆ ದೀಪದ ಕೆಳಗೆ ಹರಿಸಿಯೇ ಅದನ್ನು ಮಾಡುವುದು. ಅದಕ್ಕೆ ಮಾಮೂಲಿ ದೀಪ ಸಾಕು.

ಪ್ರಶ್ನೆ: ಕನ್ನಡಕ ಬಿಡಬೇಕೆಂದು ಬೆಂಗಳೂರಿಗೆ ಹೋಗಿ ಕಣ್ಣಿಗೆ ಲೇಸರ್ ಮಾಡಿಸಿಕೊಂಡೆ. ಕಣ್ಣು ಚೆನ್ನಾಗಿದೆ. ಆದರೆ ಮಾಡುವಾಗ ಕೂದಲು ಸುಟ್ಟ ವಾಸನೆ ಬಂತು. ಕಣ್ಣು ಸುಟ್ಟಿತಾ?
– ಅರಸೀಕೆರೆಯ ಬ್ಯಾಂಕ್ ಉದ್ಯೋಗಿ

ಉತ್ತರ: ಸುಟ್ಟಿಲ್ಲ. ವಾಸನೆ ತುಂಬ ಜನರಿಗೆ ಬರುತ್ತದೆ. ಮುಂಚೆ ಯಾರಾದರೂ ಹೇಳಿದ್ದರೆ ನೀವು ಹೆದರುತ್ತಿರಲಿಲ್ಲ.

ನಿಮ್ಮ ಕಣ್ಣಿಗೆ ಬಿದ್ದದ್ದು 193 ನ್ಯಾನೊಮೀಟರ್ ಅಲೆಯುದ್ದದ ಅತಿನೇರಳೆ ಬೆಳಕು. ಆರ್ಗಾನ್, ಫ್ಲೋರಿನ್ ಸೇರಿಸಿ ಮಾಡುವ ಎಕ್ಸೈಮರ್ ಲೇಸರ್. ಡಜನ್ ಲೆಕ್ಕದ ಹಾಗೆ ಅಣು, ಫೋಟಾನ್ ಎಣಿಸಲು ನಮ್ಮಲ್ಲಿ ಮೋಲ್ ಎಂಬ ಭಾರೀ ದೊಡ್ಡ ಲೆಕ್ಕ ಇದೆ. ಅದರ ಒಂದು ಮೋಲ್ ಫೋಟಾನಿನಲ್ಲಿ ಸುಮಾರು 620 ಕಿಲೋಜೂಲ್ ಇರುತ್ತದೆ. ಕಾರ್ಬನ್-ಕಾರ್ಬನ್ ಬಂಧ ಮುರಿಯೋಕೆ 350ರ ಹತ್ತಿರ ಸಾಕು. ಹಾಗಾಗಿ ಒಂದೊಂದು ಫೋಟಾನೂ ನೇರವಾಗಿ ಬಂಧ ಮುರಿಯಬಲ್ಲದು. ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಮೇಲ್ಪದರದ ಪ್ರೋಟೀನ್ ಚೂರು ಚೂರಾಗಿ ಅನಿಲದ ಹಾಗೆ ಹಾರಿಹೋಗುತ್ತದೆ. ಬಿಸಿಯೂ ಆ ಚೂರುಗಳ ಜೊತೆಗೇ ಹೋಗುತ್ತದೆ. ಒಂದು ಪಲ್ಸ್‌ಗೆ ಸುಮಾರು ಕಾಲು ಮೈಕ್ರಾನ್ ಮಾತ್ರ ಕಡಿಮೆಯಾಗುವುದು. ಪಕ್ಕದ ಭಾಗಕ್ಕೆ ಹೆಚ್ಚು ಬಿಸಿ ತಗಲುವುದಿಲ್ಲ. ನಿಮ್ಮ ಮೂಗಿಗೆ ಬಂದದ್ದು ಆ ಹಾರಿದ ಚೂರುಗಳು. ಕೂದಲೂ ಪ್ರೋಟೀನೇ ಅಲ್ವಾ, ಹಾಗಾಗಿ ಅದೇ ವಾಸನೆ.

ಇದನ್ನು ಕಂಡುಹಿಡಿದವರಲ್ಲಿ ಒಬ್ಬರು ಮದ್ರಾಸಿನಲ್ಲಿ ಹುಟ್ಟಿದ ರಸಾಯನ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್. ಅಮೆರಿಕದ ಐಬಿಎಂ ಸಂಶೋಧನಾಲಯದಲ್ಲಿ ಪ್ಲಾಸ್ಟಿಕ್ ಮೇಲೆ ಅತಿನೇರಳೆ ಬೆಳಕು ಬಿಟ್ಟು ಕೆಲಸ ಮಾಡುತ್ತಿದ್ದವರು. 1981ರ ನವೆಂಬರ್‌ನಲ್ಲಿ ಅವರ ದೇಶದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆಯಿತು. ಮರುದಿನ ಮನೆಯಲ್ಲಿ ಉಳಿದ ಟರ್ಕಿ ಕೋಳಿಯ ಎಲುಬು, ಮೆದು ಮೂಳೆ ಎಲ್ಲ ಲ್ಯಾಬಿಗೆ ಒಯ್ದರು. ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಜೊತೆ ಸೇರಿ ಅದರ ಮೇಲೆ ಈ ಲೇಸರ್ ಬಿಟ್ಟು ನೋಡಿದರು. ಗೆರೆ ಎಳೆದ ಹಾಗೆ ಚೊಕ್ಕವಾಗಿ ಕತ್ತರಿಸಿತು. ಹೋಲಿಸಿ ನೋಡಲು ಹಸಿರು ಲೇಸರ್ ಹಾಕಿದರೆ ಸುತ್ತ ಕರಕಲಾಗಿತ್ತು. ಹಬ್ಬದ ಮಿಕ್ಕಿದ ಊಟದಿಂದ ಶುರುವಾದದ್ದು ನಿಮ್ಮ ಕಣ್ಣಿನವರೆಗೂ ಬಂದಿದೆ.

ಪ್ರಶ್ನೆ: ನಮ್ಮ ತೋಟದ ಕಾಫಿಯನ್ನು ನಾವೇ ಹುರಿದು ಪುಡಿ ಮಾಡಿ ಮಾರುತ್ತಿದ್ದೇವೆ. ಒಂದೊಂದು ಬ್ಯಾಚ್ ಒಂದೊಂದು ಥರ ಬರುತ್ತದೆ. ಹುರಿಯೋದನ್ನು ಯಾವಾಗ ನಿಲ್ಲಿಸಬೇಕೆಂದು ಲೇಸರ್ ಹೇಳುತ್ತದಾ? ತಮಾಷೆಗೆ ಕೇಳುತ್ತಿಲ್ಲ.
– ಮೂಡಿಗೆರೆಯ ಬೆಳೆಗಾರರು

ಉತ್ತರ: ನಾನೂ ತಮಾಷೆಗೆ ಹೇಳುತ್ತಿಲ್ಲ, ಹೇಳುತ್ತದೆ! ಜರ್ಮನಿಯಲ್ಲಿ ಇದನ್ನೇ ಮಾಡಿ 2003ರಲ್ಲಿ ಪ್ರಕಟಿಸಿದ್ದಾರೆ.

ಹಸಿ ಕಾಫಿ ಬೀಜದಲ್ಲಿ ಕ್ಲೋರೊಜೆನಿಕ್ ಆಮ್ಲದ ಬಳಗ ಇದೆ. ಹುರಿಯುವಾಗ ಅದರಲ್ಲಿ ಒಂದು ಪಾಲು ಒಡೆದು 4-ವಿನೈಲ್‌ಗ್ವಾಯಕಾಲ್ ಆಗುತ್ತದೆ. ಹೊತ್ತು ಹೋದಂತೆ ಗ್ವಾಯಕಾಲ್, ಫಿನಾಲ್ ಕೂಡ ಬರುತ್ತವೆ. ಕಡು ಹುರಿದ ಕಾಫಿಯ ಹೊಗೆಯಂಥ ಘಮದಲ್ಲಿ ಇವುಗಳ ಪಾಲು ದೊಡ್ಡದು. ಡ್ರಮ್‌ನಿಂದ ಬರುವ ಹೊಗೆಯಲ್ಲಿ ನೂರಾರು ಪದಾರ್ಥಗಳು ಇರುತ್ತವೆ. ಅದರಲ್ಲಿ ಈ ಮೂರನ್ನೇ ಹೆಕ್ಕುವುದು ಹೇಗೆ? ಅತಿನೇರಳೆ ಲೇಸರನ್ನು ಈ ಅಣುಗಳು ಹೀರುವ ಬಣ್ಣಕ್ಕೆ ಹೊಂದಿಸುತ್ತಾರೆ. ಅಣು ಒಂದು ಫೋಟಾನ್ ಹೀರಿ ಮೇಲೇರುತ್ತದೆ, ಎರಡನೆಯದನ್ನು ಹೀರಿ ಎಲೆಕ್ಟ್ರಾನ್ ಬಿಡುತ್ತದೆ. ಆ ಬಣ್ಣ ಹೀರದ ನೀರಾವಿ, ಗಾಳಿ, ಕಾರ್ಬನ್ ಡೈಆಕ್ಸೈಡ್ ಎಲ್ಲ ಸುಮ್ನೆ ಹೋಗುತ್ತವೆ. ಎಲೆಕ್ಟ್ರಾನ್ ಬಿಟ್ಟವನ್ನು ಕೊಳವೆಯಲ್ಲಿ ಓಡಿಸಿ, ಹಗುರದ್ದು ಮೊದಲು, ಭಾರದ್ದು ಆಮೇಲೆ ಬರುವುದನ್ನು ನೋಡಿ ತೂಕ ಹೇಳುತ್ತಾರೆ. ಹುರಿಯುತ್ತಿರುವಾಗಲೇ ಯಾವುದು ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂದು ಪರದೆ ಮೇಲೆ ಕಾಣುತ್ತದೆ. ಎಷ್ಟು ಹುರಿದಿದೆ ಎಂದು ಅದರಿಂದ ತಿಳಿಯುತ್ತದೆ.

ಈಗ ನಿಮ್ಮ ಮನೆ ವಿಚಾರ. ಇಂಥ ಯಂತ್ರಕ್ಕೆ ಹಾಕುವ ದುಡ್ಡಿನಲ್ಲಿ ಒಂದು ತೋಟವನ್ನೇ ಕೊಳ್ಳಬಹುದೇನೋ. ಬ್ಯಾಚ್ ಬೇರೆ ಬೇರೆ ಬರುವುದಕ್ಕೆ ಸಾಮಾನ್ಯ ಕಾರಣ ಬೀಜದ ತೇವ ಬೇರೆ ಇರುವುದು, ಡ್ರಮ್‌ಗೆ ಹಾಕುವ ತೂಕ ಬೇರೆ ಆಗುವುದು. ಒಂದು ತೇವಾಂಶದ ಮೀಟರ್, ಒಂದು ತಕ್ಕಡಿ, ಬೀಜದ ನಡುವೆ ನಿಲ್ಲುವ ಒಂದು ಥರ್ಮಾಮೀಟರ್ ತನ್ನಿ. ಬೀಜ ಮೊದಲ ಸಲ ಚಟಪಟ ಅನ್ನುವ ಹೊತ್ತು, ಆಗಿನ ಉಷ್ಣತೆ ಬರೆದಿಡಿ. ರೊಬಸ್ಟಾ, ಅರೇಬಿಕಾ ಬೇರೆ ಬೇರೆ ಹುರಿಯಿರಿ. ತೇವ ಒಂದೇ ಇರಲಿ, ತೂಕ ಒಂದೇ ಇರಲಿ. ಇಷ್ಟು ಮಾಡಿಯೂ ಸರಿಹೋಗದಿದ್ದರೆ ಬರೆಯಿರಿ. ಮೇಲಿನ ಸಲಹೆಗೆ ಸಂಭಾವನೆಯಾಗಿ ಅರ್ಧ ಕೆಜಿ ಪೀಬೆರಿ ಸಾಕು, ಚಿಕೋರಿ ಬೇಡ.

ಪ್ರಶ್ನೆ: ತಂಗಿಯ ಮಗುವಿಗೆ ಹುಟ್ಟಿದ ಮೂರನೇ ದಿನ ಕಾಮಾಲೆ ಎಂದು ನೀಲಿ ಬೆಳಕಿನಲ್ಲಿ ಇಟ್ಟಿದ್ದರು. ಅದು ಲೇಸರಾ? ಮಗುವಿಗೆ ತೊಂದರೆ ಆಗುತ್ತದಾ?
– ಚನ್ನರಾಯಪಟ್ಟಣದ ಗೃಹಿಣಿ

ಉತ್ತರ: ಲೇಸರ್ ಅಲ್ಲಮ್ಮ, ನೀಲಿ ಎಲ್‌ಇಡಿ ಅಥವಾ ಟ್ಯೂಬ್‌ಲೈಟ್. ಆದರೆ ಆಗುತ್ತಿರುವುದು ಮಾತ್ರ ರಾಸಾಯನಿಕ ಕ್ರಿಯೆಯೇ. ಮಗುವಿನ ಚರ್ಮ ಹಳದಿ ಮಾಡುವುದು ರಕ್ತದಲ್ಲಿರುವ ಬಿಲಿರುಬಿನ್ ಎಂಬ ಹಳದಿ ಪದಾರ್ಥ. ಎಳೆ ಲಿವರ್ ಅದನ್ನು ಬೇಗ ಹೊರಗೆ ಹಾಕಲಾರದು. 460 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕು ಬಿದ್ದರೆ ಆ ಅಣು ಪಿಕೊಸೆಕೆಂಡುಗಳಲ್ಲಿ ತಿರುಚಿಕೊಂಡು ಬೇರೆ ಆಕಾರಕ್ಕೆ ಬರುತ್ತದೆ. ಹೊಸ ಆಕಾರ ನೀರಿನಲ್ಲಿ ಕರಗುತ್ತದೆ, ಹಾಗಾಗಿ ಪಿತ್ತರಸದ ಜೊತೆ, ಮೂತ್ರದ ಜೊತೆ ಹೋಗಿಬಿಡುತ್ತದೆ. ಇದನ್ನು ಮೊದಲು ಗಮನಿಸಿದ್ದು 1950ರ ದಶಕದಲ್ಲಿ ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯ ನರ್ಸ್ ಜೀನ್ ವಾರ್ಡ್. ಮಕ್ಕಳನ್ನು ಬಿಸಿಲಿಗೆ ಒಯ್ಯುತ್ತಿದ್ದರು. ಬಟ್ಟೆ ಮುಚ್ಚಿದ ಕಡೆ ಹಳದಿ ಉಳಿದು, ಬಿಸಿಲು ಬಿದ್ದ ಕಡೆ ಹೋಗಿದ್ದನ್ನು ಡಾಕ್ಟರಿಗೆ ತೋರಿಸಿದರು. ಕಣ್ಣಿಗೆ ಪಟ್ಟಿ ಕಟ್ಟಿ, ಡಾಕ್ಟರು ಹೇಳಿದಷ್ಟು ಹೊತ್ತು ಇಟ್ಟರೆ ಹೆದರಬೇಕಿಲ್ಲ. ಬೆಳಗಿನ ಎಳೆಬಿಸಿಲು ಸಾಕು, ಆಸ್ಪತ್ರೆ ಯಾಕೆ ಅನ್ನುವ ಹಿರಿಯರ ಮಾತು ಮಾತ್ರ ಕೇಳಬೇಡಿ. ಬಿಲಿರುಬಿನ್ ಎಷ್ಟಿದೆ ಎಂದು ರಕ್ತ ನೋಡಿದವರೇ ಅದನ್ನು ಹೇಳಬೇಕು.

ಪ್ರಶ್ನೆ: ಹಾಸನಾಂಬ ಜಾತ್ರೆಯಲ್ಲಿ ಹಸಿರು ಲೇಸರ್ ಲೈಟ್ ತಗೊಂಡೆ. ಇದರಿಂದ ಮನೆಯಲ್ಲಿ ಏನಾದರೂ ರಿಯಾಕ್ಷನ್ ಮಾಡಬಹುದಾ?
– ಹಾಸನದ 9ನೇ ತರಗತಿ ಹುಡುಗ

ಉತ್ತರ: ಮೊದಲು ಅದರ ಬ್ಯಾಟರಿ ತೆಗೆದಿಡು ಮರಿ, ಆಮೇಲೆ ಓದು. ಅಗ್ಗದ ಹಸಿರು ಲೇಸರಿನೊಳಗೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಇರುತ್ತದೆ. ಅದನ್ನೇ ಅರ್ಧ ಅಲೆಯುದ್ದಕ್ಕೆ ಇಳಿಸಿ ಹಸಿರು ಮಾಡುವುದು. ಉಳಿದ ಅವಕೆಂಪನ್ನು ತಡೆಯುವ ಫಿಲ್ಟರ್ ಎಷ್ಟೋ ಸಲ ಇರುವುದೇ ಇಲ್ಲ. ಮೇಲೆ ಅಂಟಿಸಿದ ಚೀಟಿಯನ್ನು ನಂಬುವ ಹಾಗಿಲ್ಲ. ಯಾರ ಕಣ್ಣಿಗೂ ಬಿಡಬೇಡ, ಕನ್ನಡಿಗೂ ಬಿಡಬೇಡ, ನಾಯಿ ಬೆಕ್ಕಿಗೂ ಬೇಡ.

ಇನ್ನು ರಿಯಾಕ್ಷನ್. ಚೀಟಿಯಲ್ಲಿ 5 ಮಿಲಿವಾಟ್ ಎಂದು ಇದೆ ಅಂದುಕೊಳ್ಳೋಣ. ಹಸಿರು ಅಂದರೆ 532 ನ್ಯಾನೊಮೀಟರ್. ಆ ಬಣ್ಣದ ಒಂದು ಮೋಲ್ ಫೋಟಾನಿಗೆ ಸುಮಾರು 225 ಕಿಲೋಜೂಲ್. ಒಂದು ಫೋಟಾನ್ ಒಂದು ಅಣುವನ್ನು ಬದಲಿಸುತ್ತದೆ ಎಂದು ಇಟ್ಟುಕೊಂಡರೂ, ಒಂದು ಮೋಲ್ ಪದಾರ್ಥ ಬದಲಿಸಲು ನಿನ್ನ ಲೇಸರ್ ಹಗಲೂ ರಾತ್ರಿ ಹತ್ತಿರ ಹತ್ತಿರ ಒಂದೂವರೆ ವರ್ಷ ಉರಿಯಬೇಕು. ಇಡೀ 1 ವಾಟ್ ಇರುವ ಲ್ಯಾಬ್ ಲೇಸರ್ ಆದರೂ ಎರಡೂವರೆ ದಿನ ದಾಟುತ್ತದೆ. ಮೇಲೆ ಹೊಳೆನರಸೀಪುರದವರಿಗೆ ಹೇಳಿದ ದುಡ್ಡಿನ ಮಾತು ಇದೇ. ಲೆಕ್ಕ ನೀನೇ ಹಾಕಿ ನೋಡು, 225000ವನ್ನು 0.005ರಿಂದ ಭಾಗಿಸು.

ಬೆಳಕಿನ ಕ್ರಿಯೆ ನೋಡಲೇಬೇಕು ಅಂದರೆ ಬಿಳಿ ಹತ್ತಿ ಬಟ್ಟೆಯ ಎರಡು ತುಂಡಿಗೆ ಅರಿಶಿನ ನೀರು ಹಚ್ಚು. ಒಂದನ್ನು ಬೀರುವಿನಲ್ಲಿಡು, ಒಂದನ್ನು ಟೆರೇಸಿನ ಬಿಸಿಲಿಗೆ ಹಾಕು. ಬಿಸಿಲಿಗೆ ಹಾಕಿದ್ದು ಬೇಗ ಬಿಳುಚುತ್ತದೆ. ಅರಿಶಿನದ ಕರ್ಕ್ಯುಮಿನ್ ಅಣು ಬೆಳಕಿಗೆ ಒಡೆಯುತ್ತದೆ. ಅರ್ಧ ಭಾಗಕ್ಕೆ ರಟ್ಟು ಮುಚ್ಚಿ ಒಣಗಿಸಿದರೆ ರಟ್ಟಿನ ಆಕಾರವೇ ಬಟ್ಟೆಯ ಮೇಲೆ ಬರುತ್ತದೆ. ಅಮ್ಮನ ಹೊಸ ಟವೆಲ್ ಮುಟ್ಟಬೇಡ.

ಪ್ರಶ್ನೆ: ಬಿಎಸ್ಸಿ ಓದುತ್ತಿದ್ದೇನೆ. ಜೆವೈಲ್ ಅವರಿಗೆ 1999ರಲ್ಲೇ ನೊಬೆಲ್ ಬಂದಿದೆ ಅಂದರೆ ಈ ವಿಷಯ ಮುಗಿದ ಹಾಗಲ್ವಾ? ಈಗ ಸೇರಿದರೆ ನಮಗೆ ಏನು ಉಳಿದಿದೆ?
– ಚಿಕ್ಕಮಗಳೂರಿನ ವಿದ್ಯಾರ್ಥಿ

ಉತ್ತರ: ಬೇಕಾದಷ್ಟು ಉಳಿದಿದೆ. ಫೆಮ್ಟೊಸೆಕೆಂಡಿನಲ್ಲಿ ಕಂಡದ್ದು ಪರಮಾಣುಗಳ ಓಡಾಟ. ಬಂಧ ಅಂದರೆ ಎಲೆಕ್ಟ್ರಾನ್, ಅದು ಇನ್ನೂ ಚುರುಕು. ಅದನ್ನು ಹಿಡಿಯೋಕೆ ಆಟೊಸೆಕೆಂಡ್ ಬೇಕು, ಫೆಮ್ಟೊಸೆಕೆಂಡಿನ ಸಾವಿರದಲ್ಲೊಂದು ಪಾಲು. ಅಂಥ ಪಲ್ಸ್ ಮಾಡಿದ್ದಕ್ಕೆ ಪಿಯೆರ್ ಅಗೊಸ್ಟಿನಿ, ಫೆರೆಂಕ್ ಕ್ರಾಸ್, ಆನ್ ಲ್ಯುಲಿಯೆ ಅವರಿಗೆ 2023ರ ಭೌತಶಾಸ್ತ್ರ ನೊಬೆಲ್ ಬಂತು. ಅದನ್ನು ಹಿಡಿದು ರಸಾಯನಶಾಸ್ತ್ರ ಮಾಡುವ ಕೆಲಸ ಈಗಷ್ಟೇ ಶುರು.

ಇನ್ನೊಂದು ಕಡೆ ಅಣುಗಳನ್ನು ತಣ್ಣಗೆ ಮಾಡಿ ನಿಧಾನ ಮಾಡುವವರಿದ್ದಾರೆ. 2019ರಲ್ಲಿ ಹಾರ್ವರ್ಡ್‌ನಲ್ಲಿ ಕಾಂಗ್-ಕ್ವೆನ್ ನಿ ಅವರ ತಂಡ ಪೊಟ್ಯಾಶಿಯಂ-ರುಬಿಡಿಯಂ ಅಣುಗಳನ್ನು 500 ನ್ಯಾನೊಕೆಲ್ವಿನ್‌ಗೆ, ಅಂದರೆ ಅದಕ್ಕಿಂತ ತಣ್ಣಗೆ ಹೋಗಲಾಗದ ಕೊನೆಯ ಗಡಿಗೆ ಕೂದಲೆಳೆಯಷ್ಟು ಹತ್ತಿರ, ಇಳಿಸಿತು. ಅಷ್ಟು ತಣ್ಣಗಿದ್ದರೆ ಎರಡು ಅಣು ಸೇರಿ ನಾಲ್ಕು ಪರಮಾಣುಗಳ ಒಂದು ನಡುವಿನ ರೂಪ ಆಗಿ, ಒಡೆಯದೆ ಎಷ್ಟೋ ಹೊತ್ತು ನಿಲ್ಲುತ್ತದೆ. ಅದನ್ನು ನೇರವಾಗಿ ಹಿಡಿದರು. ಮರು ವರ್ಷ ಇನ್ನೊಂದು ವಿಷಯ ಗೊತ್ತಾಯಿತು. ಅಣುಗಳನ್ನು ಹಿಡಿದಿಡೋಕೆ ಇಟ್ಟಿದ್ದ ಲೇಸರ್ ಬೆಳಕನ್ನೇ ಆ ನಡುವಿನ ರೂಪ ಹೀರಿಕೊಂಡು ಬೇರೆ ದಾರಿ ಹಿಡಿಯುತ್ತಿತ್ತು! ಅರಕಲಗೂಡಿನ ಹುಡುಗಿ ಕೇಳಿದ ಗುಡ್ಡದ ಮೇಲೆ ಈಗ ಕೈ ಹಾಕುವ ಹೊತ್ತು ಸಿಕ್ಕಿದೆ.

ಹೊರದೇಶಕ್ಕೇ ಹೋಗಬೇಕಂತಿಲ್ಲ. ಬೆಂಗಳೂರಿನ ಐಐಎಸ್‌ಸಿ, ಮುಂಬೈ ಮತ್ತು ಹೈದರಾಬಾದಿನ ಟಿಐಎಫ್‌ಆರ್ (ಟಾಟಾ ಮೂಲ ಸಂಶೋಧನಾ ಸಂಸ್ಥೆ), ಲೇಸರ್‌ಗೇ ಹೆಸರಾದ ಇಂದೋರಿನ ರಾಜಾ ರಾಮಣ್ಣ ಕೇಂದ್ರ ಎಲ್ಲ ಇವೆ. ಬಿಎಸ್ಸಿ ಆದ ಮೇಲೆ ಐಐಟಿಗಳ ಎಂಎಸ್ಸಿಗೆ ಸೇರಲು ಜಾಮ್ ಪರೀಕ್ಷೆ ಇದೆ, ಕೊನೇ ವರ್ಷದಲ್ಲೇ ಬರೆಯಬಹುದು. ಕೆಮಿಸ್ಟ್ರಿ ಇಷ್ಟ, ಗಣಿತ ಕಷ್ಟ ಎಂದು ಕಾಗದದ ಕೊನೆಯಲ್ಲಿ ಬರೆದಿದ್ದೀಯಲ್ಲ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಈ ಕೆಲಸದಲ್ಲಿ ಕ್ವಾಂಟಂ ಬೇಕು, ಕ್ವಾಂಟಂಗೆ ಮ್ಯಾಟ್ರಿಕ್ಸ್, ಡಿಫರೆನ್ಷಿಯಲ್ ಈಕ್ವೇಷನ್ ಎರಡೂ ಬೇಕು. ಈ ರಜೆಯಲ್ಲೇ ಕೂತು ಕಲಿ.